ಮಳೆ ಇಲ್ಲ, ಹಪ್ಪಳ ಒಣಗಿಸಬಹುದು

ಹಲಸಿನಕಾಯಿಯೂ ಪರೀಕ್ಷೆಯ ಅಂಕಪಟ್ಟಿಯೂ ಒಂದೇ ತಿಂಗಳಲ್ಲಿ ಬಲಿಯುತ್ತವೆ ಎಂಬುದು ಮದುವೆಗೆ ಮುಂಚೆ ವಾಗ್ದೇವಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಂದೋ ಬಂಟ್ವಾಳದ ಸಂಬಂಧ ಬೇಡವೆನ್ನುತ್ತಿದ್ದಳು, ಇಲ್ಲವೇ ಕಂಪ್ಯೂಟರ್ ಕಲಿಯುವುದೇ ಬೇಡವೆನ್ನುತ್ತಿದ್ದಳು. ಎಂಬತ್ತೊಂಬತ್ತರ ಏಪ್ರಿಲ್ ಬರುವ ಹೊತ್ತಿಗೆ ಎರಡೂ ಕೊರಳಿಗೆ ಬಿದ್ದಾಗಿತ್ತು. ಬಿಚ್ಚಿ ಇಡುವ ಹಾಗಿರಲಿಲ್ಲ.

ಅವಳ ಕೆಲಸ ಮೆಲ್ಕಾರಿನಲ್ಲಿ. ದುಬಾಯಿಯಲ್ಲಿ ಎಂಟು ವರ್ಷ ದುಡಿದು ಬಂದ ಅಬ್ದುಲ್ ಸಮದ್ ಸಾಹೇಬರು ಅಲ್ಲಿಂದ ಎರಡು ಕಂಪ್ಯೂಟರ್ ತಂದು, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಸೆಂಟರ್ ತೆರೆದಿದ್ದರು. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗಿನ ಶಾಲೆ ಕಾಲೇಜುಗಳ ಅಂಕಪಟ್ಟಿ ಅಲ್ಲಿ ತಯಾರಾಗುತ್ತಿತ್ತು. ಪ್ರೋಗ್ರಾಂ ಬರೆಯುವವರು ಇಬ್ಬರೇ, ವಾಗ್ದೇವಿ ಮತ್ತು ಮೂಡುಬಿದಿರೆಯ ನಿತ್ಯಾನಂದ. ವರ್ಷದ ಹತ್ತು ತಿಂಗಳು ನೊಣ ಹೊಡೆಯುವ ಕೆಲಸ, ಏಪ್ರಿಲ್ ಮೇ ಎರಡು ತಿಂಗಳು ಮೂಗಿನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ.

ಅವಳ ಅತ್ತೆ ತ್ರಿಪುರಸುಂದರಿಯಮ್ಮನಿಗೂ ಅವೇ ಎರಡು ತಿಂಗಳು. ಹಲಸಿನಕಾಯಿಯ ಸೊಳೆ ಬಿಡಿಸಿ, ಬೇಯಿಸಿ, ಒರಳಿನಲ್ಲಿ ಗುದ್ದಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ, ಅಂಗಳದ ಚಾಪೆಯ ಮೇಲೆ ಸಾಲಾಗಿ ಒಣಗಲು ಹಾಕಬೇಕು. ಅವರ ಹಪ್ಪಳ ಎಂದರೆ ಪೇಟೆಯಲ್ಲೆಲ್ಲ ಹೆಸರು. ಆ ವರ್ಷವಂತೂ ಮೂಡುಬಿದಿರೆಯಲ್ಲಿರುವ ಅತ್ತೆಯ ನಾದಿನಿ ಶ್ರೀಮತಿಯ ಮಗಳ ಮದುವೆ. ಮೇ ಇಪ್ಪತ್ತಕ್ಕೆ. ಸಾವಿರ ಹಪ್ಪಳ ತಾನೇ ಮಾಡಿ ಕೊಡುತ್ತೇನೆಂದು ಅತ್ತೆ ಎಲ್ಲರೆದುರು ಹೇಳಿಬಿಟ್ಟಿದ್ದರು.

ಏಪ್ರಿಲಿನ ಮೊದಲ ಭಾನುವಾರ, ಮಧ್ಯಾಹ್ನದ ಊಟಕ್ಕೆ ಕೂತಾಗ ಮಾತು ಹೊರಬಿತ್ತು.

"ವಾಗ್ದೇವಿ, ನಾಳೆಯಿಂದ ನೀನು ಒಂದು ತಿಂಗಳು ರಜೆ ಹಾಕು," ಎಂದರು ಅತ್ತೆ, ತಂಬುಳಿ ಬಡಿಸುತ್ತ. "ನನಗೆ ಸೊಂಟ ಆಗುದಿಲ್ಲ. ಒಬ್ಬಳೇ ಸಾವಿರ ಒತ್ಲಿಕ್ಕೆ ನಾನು ಎಂತ ಯಂತ್ರವಾ?"

"ಅತ್ತೆ, ಈ ತಿಂಗಳು ರಜೆ ಕೇಳಿದರೆ ಸಾಹೇಬ್ರು ಬೇರೆಯವರನ್ನು ತಕ್ಕೊಳ್ತಾರೆ. ಅಂಕಪಟ್ಟಿ ಎಲ್ಲ ಈಗಲೇ ಬರುದು."

"ಬೇರೆಯವರ ಮಕ್ಕಳ ಅಂಕಪಟ್ಟಿ ನಿನಗೆ ದೊಡ್ಡದಾಯ್ತು. ಮನೆಯ ಮದುವೆ ಸಣ್ಣದಾಯ್ತು."

ಗಂಡ ವೆಂಕಟೇಶ್ವರನ ಕಡೆ ವಾಗ್ದೇವಿ ನೋಡಿದಳು. ಮುಂಡಾಜೆಯ ಶಾಲೆಯಲ್ಲಿ ಮೇಷ್ಟ್ರಾದ ಅವನಿಗೆ ಬೇಸಗೆ ರಜೆ ಸಿಕ್ಕಿ ಆರು ದಿನವಾಗಿತ್ತು. ಅವನು ಅನ್ನದೊಳಗೆ ಏನೋ ಕಳೆದುಕೊಂಡವನ ಹಾಗೆ ಹುಡುಕುತ್ತಿದ್ದ. ಮಾವ ಕೇಶವಪ್ರಸಾದರು ಬೆಳ್ತಂಗಡಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತಮೂರು ವರ್ಷ ಗುಮಾಸ್ತರಾಗಿದ್ದವರು. ಹೆಂಗಸರ ಮಾತಿಗೆ ಅವರು ಸಾಕ್ಷಿ ಹಾಕುವವರಲ್ಲ. ಅವರು ಮಜ್ಜಿಗೆ ಕೇಳಿದರು.

"ಈ ವಾರ ನೋಡುವ," ಎಂದಳು ವಾಗ್ದೇವಿ.

"ನೋಡುದೆಂತ? ಹಲಸಿನಕಾಯಿ ನಿನಗೆ ಕಾಯ್ತದಾ?" ಎಂದರು ಅತ್ತೆ.

ಆ ಕೆಲಸ ಬಿಡಲು ವಾಗ್ದೇವಿಗೆ ಖಂಡಿತ ಇಷ್ಟವಿರಲಿಲ್ಲ. ಬೆಳಿಗ್ಗೆ ಎಂಟೂಕಾಲರ ಬಸ್ಸು ಹತ್ತಿದ ಕೂಡಲೇ ಅವಳಿಗೆ ಮೈ ಹಗುರವಾಗುತ್ತಿತ್ತು. ಸೆಂಟರಿನಲ್ಲಿ ನಗು ಇತ್ತು. ಮೊದಲು ಚಾ, ಆಮೇಲೆ ಪೇಪರು, ಆಮೇಲೆ ಕೆಲಸ ಎಂಬುದು ಅಲ್ಲಿನ ಕ್ರಮ. ಕಂಪ್ಯೂಟರಿನ ಸುದ್ದಿ ಏನಿದ್ದರೂ ನಿತ್ಯಾನಂದ ದೊಡ್ಡದಾಗಿ ಓದುವುದು, ಮೂವರೂ ಸೇರಿ ಅದರ ಚರ್ಮ ಸುಲಿಯುವುದು.

"ಕೇಳಿ, ಇನ್ನು ಹತ್ತು ವರ್ಷದಲ್ಲಿ ಆಫೀಸುಗಳಲ್ಲಿ ಕಾಗದವೇ ಇರುದಿಲ್ಲವಂತೆ," ಎಂದು ಅವನು ಓದಿದಾಗ ಅವನ ಮೊಣಕಾಲಿನವರೆಗೆ ಪ್ರಿಂಟರಿನ ಕಾಗದ ರಾಶಿ ಬಿದ್ದಿತ್ತು.

"ನಿನ್ನನ್ನು ಆ ರಾಶಿಯಿಂದ ಎಳೆದು ತೆಗೀಲಿಕ್ಕೆ ಹತ್ತು ವರ್ಷ ಬೇಕು ಅಂತ ಅರ್ಥ," ಎಂದಿದ್ದರು ಸಮದ್ ಸಾಹೇಬರು.

"ಜಪಾನಿನವರು ಮನುಷ್ಯರ ಹಾಗೆಯೇ ಯೋಚನೆ ಮಾಡುವ ಕಂಪ್ಯೂಟರ್ ಮಾಡ್ತಾರಂತೆ."

"ಬೇಡ ಮಾರಾಯ. ಮನುಷ್ಯರ ಹಾಗೆ ಯೋಚಿಸಿದರೆ ಅದೂ ಊಟ ಆದ ಕೂಡಲೇ ಮಲಗ್ತದೆ," ಎಂದಿದ್ದಳು ವಾಗ್ದೇವಿ. ಮನೆಯ ಜಗಲಿಯ ಎರಡು ಈಸಿಚೇರುಗಳು ಅವಳ ಕಣ್ಣ ಮುಂದಿದ್ದವು.

ಆ ಸೋಮವಾರದ ಸುದ್ದಿ ಎಲ್ಲಕ್ಕಿಂತ ಭಾರಿಯಾಗಿತ್ತು. ಅಮೆರಿಕದಿಂದ ದೆಹಲಿಗೆ ಸೂಪರ್ ಕಂಪ್ಯೂಟರ್ ಬಂದಿದೆಯಂತೆ, ಕೋಟಿಗಟ್ಟಲೆ ಬೆಲೆಯಂತೆ, ಮಳೆ ಯಾವಾಗ ಬರುತ್ತದೆಂದು ಮುಂಚೆಯೇ ಲೆಕ್ಕ ಹಾಕುತ್ತದಂತೆ.

"ಅಷ್ಟಕ್ಕೆ ಕೋಟಿ ಯಾಕೆ?" ಎಂದ ನಿತ್ಯಾನಂದ. "ನಾನು ಹತ್ತು ಸಾಲಿನಲ್ಲಿ ಬರೀತೇನೆ."

ಬರೆದೇಬಿಟ್ಟ. ಯಂತ್ರ ತನ್ನಷ್ಟಕ್ಕೆ ಒಂದರಿಂದ ಹತ್ತರೊಳಗೆ ಒಂದು ಸಂಖ್ಯೆ ಆರಿಸುವುದು, ದೇವಸ್ಥಾನದಲ್ಲಿ ಚೀಟಿ ಎತ್ತಿದ ಹಾಗೆ. ಎಂಟರವರೆಗೆ ಬಂದರೆ 'ಮಳೆ ಇಲ್ಲ', ಒಂಬತ್ತು ಹತ್ತು ಬಂದರೆ 'ಮಳೆ ಉಂಟು'. ವಾಗ್ದೇವಿ ಅದಕ್ಕೆ ಒಗ್ಗರಣೆ ಹಾಕಿದಳು. ಪ್ರಿಂಟರ್ ಕರ್ರೆಂದು ಅತ್ತಿತ್ತ ಓಡಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಉಗುಳಿತು: 'ಬಂಟ್ವಾಳ ವಲಯ. ನಾಳೆ ಮಳೆ ಇಲ್ಲ. ಗಾಳಿ ಸಾಧಾರಣ. ಹಪ್ಪಳ ಒಣಗಿಸಬಹುದು.'

ಸಮದ್ ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಮ್ಮ ಉಮ್ಮನಿಗೂ ಒಂದು ಹಾಕಿ. ಅವರು ಮೀನು ಒಣಗಿಸ್ತಾರೆ," ಎಂದರು.

ಮನೆಯವರೂ ನಗಲಿ ಎಂದು ವಾಗ್ದೇವಿ ಆ ಕಾಗದವನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಆದದ್ದೇ ಬೇರೆ. ಜಗಲಿಯಲ್ಲಿ ಕೂತಿದ್ದ ಮಾವನ ಕೈಗೆ ಕೊಟ್ಟು, "ನೋಡಿ ಮಾವ, ನಮ್ಮ ಕಂಪ್ಯೂಟರೂ ಈಗ ಮಳೆ ಹೇಳ್ತದೆ," ಎಂದು ನಕ್ಕಳು. ಮಾವ ನಗಲಿಲ್ಲ. ಕನ್ನಡಕ ಹಾಕಿಕೊಂಡರು. ಕಾಗದವನ್ನು ಬೆಳಕಿಗೆ ಹಿಡಿದರು. ಎರಡೂ ಅಂಚಿನಲ್ಲಿ ಸಾಲಾಗಿದ್ದ ತೂತುಗಳನ್ನು ಬೆರಳಿನಿಂದ ಮುಟ್ಟಿದರು.

"ಬಂಟ್ವಾಳ ವಲಯ," ಎಂದು ಗಂಭೀರವಾಗಿ ಓದಿದರು. "ವೆಂಕಟ, ಇಲ್ಲಿ ಬಾ. ಬೆಳಿಗ್ಗೆ ನೀನು ಪೇಪರಿನಲ್ಲಿ ಓದಿದ್ದು ಇದೇ ಅಲ್ವಾ?"

ವೆಂಕಟೇಶ್ವರ ಬಂದು ನೋಡಿದ. "ದೆಹಲಿಯದ್ದರ ಬ್ರಾಂಚ್ ಇರ್ಬೇಕು ಅಪ್ಪ," ಎಂದ.

ಆಗಲೇ ವಾಗ್ದೇವಿ 'ತಮಾಷೆ' ಎಂದು ಹೇಳಬಹುದಿತ್ತು. ಬಾಯಿ ತೆರೆದಿದ್ದಳು ಕೂಡ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು, ಕೈಗೆ ಹಲಸಿನ ಮೇಣ ಮೆತ್ತಿಕೊಂಡು.

"ನಾಳೆ ಮಳೆ ಇಲ್ವಾ? ದಿನಾ ಹೇಳ್ತದಾ ಅದು?"

"ದಿನಾ... ಕೇಳಿದರೆ ಹೇಳ್ತದೆ," ಎಂದಳು ವಾಗ್ದೇವಿ.

ಅತ್ತೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಹೋದ ವರ್ಷ ಇದ್ದಕ್ಕಿದ್ದ ಹಾಗೆ ಮಳೆ ಬಂದು ಮೂರು ಸಲ ಹಪ್ಪಳ ಹಾಳಾಗಿತ್ತು. "ಹಾಗಾದರೆ ನೀನು ಹೋಗು. ಆದರೆ ದಿನಾ ಸಂಜೆ ಈ ಕಾಗದ ತರ್ಬೇಕು. ತಾರದ ದಿನ ರಜೆ ಹಾಕಿದ ಹಾಗೆ."

ಇನ್ನು ಯಾರಾದರೂ ಸತ್ಯ ಹೇಳುತ್ತಾರೆಯೇ? ವಾಗ್ದೇವಿಯ ಜಾಗದಲ್ಲಿ ನೀವಿದ್ದರೂ ಬಾಯಿ ಮುಚ್ಚಿಕೊಂಡು ಚೀಲ ಒಳಗಿಡುತ್ತಿದ್ದಿರಿ.

ದಿನಾ ಸಂಜೆ ಕಾಗದ ಬಂತು. ಏಪ್ರಿಲಿನಲ್ಲಿ ಮಳೆ ಇಲ್ಲ ಎಂದರೆ ಹತ್ತರಲ್ಲಿ ಒಂಬತ್ತು ಸಲ ಮಳೆ ಇಲ್ಲವೇ ಇಲ್ಲ. ಕಾಗದ ನಿಜವಾಗುತ್ತ ಹೋಯಿತು. ಒಂದು ದಿನ 'ಮಳೆ ಉಂಟು' ಎಂದು ಬಂದು ಬಿಸಿಲು ಕಾಯ್ದಾಗ, ಈಗ ಸಿಕ್ಕಿಬಿದ್ದೆ ಎಂದುಕೊಂಡಳು ವಾಗ್ದೇವಿ. ಮಾವ ಆಕಾಶದ ಮೂಲೆಯಲ್ಲಿ ಒಂದು ಮೋಡ ಹುಡುಕಿ ತೋರಿಸಿದರು. "ಎಲ್ಲಿಯೋ ಬಂದಿರ್ತದೆ. ಅಚ್ಚಾದದ್ದು ಸುಮ್ಮನೆ ಅಚ್ಚಾಗುದಿಲ್ಲ," ಎಂದರು. ಕಾಗದಗಳನ್ನೆಲ್ಲ ತಾರೀಕಿನ ಪ್ರಕಾರ ಹುರಿಯಲ್ಲಿ ಪೋಣಿಸಿ ಇಡತೊಡಗಿದರು. ಅಂಚಿನ ತೂತುಗಳು ಇರುವುದೇ ಅದಕ್ಕೆಂದು ಅವರ ನಂಬಿಕೆ.

ಎರಡನೇ ವಾರಕ್ಕೆ ಪಕ್ಕದ ಮನೆಯ ಕಾವೇರಮ್ಮ ಸಂಜೆ ಆರಕ್ಕೆ ಸರಿಯಾಗಿ ಬೇಲಿಯ ಹತ್ತಿರ ಬಂದು ನಿಲ್ಲತೊಡಗಿದರು. "ಭಟ್ರೇ, ನಾಳೆ ಹೇಗುಂಟು? ಸಂಡಿಗೆ ಹಾಕ್ಬಹುದಾ?" ಮಾವ ಎದ್ದು ನಿಂತು ಓದಿ ಹೇಳುವರು. ಸರಕಾರದ ಆಜ್ಞೆ ಓದಿದ ಹಾಗೆ.

"ಸಾಕು ನಿತ್ಯಾನಂದ, ನನಗೆ ಹೆದರಿಕೆ ಆಗ್ತದೆ," ಎಂದಳು ವಾಗ್ದೇವಿ ಸೆಂಟರಿನಲ್ಲಿ.

"ಹೆದರಿಕೆ ಯಾಕೆ? ದೆಹಲಿಯದ್ದಕ್ಕಿಂತ ನಮ್ಮದೇ ಒಳ್ಳೆಯದು. ಅದು ಇನ್ನೂ ಪೆಟ್ಟಿಗೆಯಿಂದ ಹೊರಗೆ ಬಂದಿರ್ಲಿಕ್ಕಿಲ್ಲ," ಎಂದ ಅವನು. "ಮೇ ಬಂದ ಮೇಲೆ ಮಳೆ ಇಲ್ಲ ಅನ್ನುದನ್ನು ಹತ್ತರಲ್ಲಿ ಎಂಟರ ಬದಲು ಆರು ಮಾಡುವ."

ಮಾಡುವ ಮಾಡುವ ಎಂದು ಅಂಕಪಟ್ಟಿಯ ಗಡಿಬಿಡಿಯಲ್ಲಿ ಮರೆತೇಬಿಟ್ಟರು.

ಮನೆಯಲ್ಲಿ ಅತ್ತೆಯ ಸೊಂಟ ಮಾತ್ರ ದಿನದಿಂದ ದಿನಕ್ಕೆ ಬಾಗುತ್ತಿತ್ತು. ಬೆಳಿಗ್ಗೆ ಬಸ್ಸಿಗೆ ಮುಂಚೆ ವಾಗ್ದೇವಿ ನೂರು ಉಂಡೆ ಕಟ್ಟಿಡುವಳು, ಸಂಜೆ ಬಂದು ಚಾಪೆ ಮಡಚುವಳು. ನಡುವಿನದ್ದೆಲ್ಲ ಅತ್ತೆಯದೇ. ಜಗಲಿಯಲ್ಲಿ ಅಪ್ಪ ಮಗ ಪೇಪರಿನ ಒಂದೊಂದು ಹಾಳೆ ಹಂಚಿಕೊಂಡು ದೇಶ ಆಳುವರು. "ಅಮ್ಮ, ಕಾಗೆ ಬಂತು," ಎಂದು ಕೂತಲ್ಲಿಂದಲೇ ಕೂಗಿ ಹೇಳುವುದೊಂದು ವೆಂಕಟೇಶ್ವರ ಮಾಡುವ ಸಹಾಯ.

ಮೇ ಎಂಟರಂದು ವಾಗ್ದೇವಿ ಬಸ್ಸಿನಿಂದ ಇಳಿಯುವಾಗ ರಸ್ತೆಯೆಲ್ಲ ಕೆಂಪು ನೀರು. ಕೊಡೆ ಇಲ್ಲ. ನಿನ್ನೆಯ ಕಾಗದದಲ್ಲಿ ಏನಿತ್ತೆಂದು ಅವಳಿಗೆ ಸರಿಯಾಗಿ ನೆನಪಿತ್ತು: 'ನಾಳೆ ಮಳೆ ಇಲ್ಲ.' ಮನೆಯ ತಿರುವಿನಲ್ಲೇ ಕಾವೇರಮ್ಮ ಸಿಕ್ಕಿದರು, ವರದಿ ಒಪ್ಪಿಸಲೆಂದೇ ಕಾದಿದ್ದವರ ಹಾಗೆ.

"ಅಯ್ಯೋ ವಾಗ್ದೇವಿ, ನಾಲ್ಕು ನೂರು ಹಪ್ಪಳ ಹೋಯ್ತು! ಮೂರು ಗಂಟೆಗೇ ಚಾರ್ಮಾಡಿ ಬದಿ ಕಪ್ಪಾಗಿತ್ತು. ನಿನ್ನ ಅತ್ತೆ ಚಾಪೆ ಎತ್ಲಿಕ್ಕೆ ಬಗ್ಗಿದರು. ನಿನ್ನ ಮಾವ ಬಿಡ್ಬೇಕಲ್ಲ! ಕಾಗದದಲ್ಲಿ ಇಲ್ಲ, ಸುಮ್ಮನೆ ಸೊಂಟ ನೋಯಿಸ್ಬೇಡ ಅಂದರು. ನಿನ್ನ ಗಂಡನೂ ಹೌದು ಹೌದು ಅಂದ. ನಿನ್ನ ಅತ್ತೆ ಹೌದಾ ಅಂತ ಬಿಟ್ಟರು. ಐದು ನಿಮಿಷ ಆಗ್ಲಿಲ್ಲ ನೋಡು, ಧೋ ಅಂತ!"

ಅಂಗಳದಲ್ಲಿ ಚಾಪೆಗಳ ಮೇಲೆ ಹಪ್ಪಳಗಳೆಲ್ಲ ಕರಗಿ ಒಂದಾಗಿ ಅಂಟಿಕೊಂಡಿದ್ದವು. ವಾಗ್ದೇವಿ ಅದನ್ನು ದಾಟಿ ನೇರ ಅಡಿಗೆಮನೆಗೆ ಹೋದಳು. ಅತ್ತೆ ಒಲೆಯ ಮುಂದೆ ಕೂತು, ಉಳಿದ ಮೂವತ್ತೋ ನಲವತ್ತೋ ಹಪ್ಪಳವನ್ನು ಬೆಂಕಿಯ ಕಾವಿಗೆ ಹಿಡಿಯುತ್ತಿದ್ದರು. ಕಣ್ಣು ಕೆಂಪಾಗಿತ್ತು. ಹೊಗೆಗೋ ಅಳುವಿಗೋ ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

"ಅತ್ತೆ, ಆ ಕಾಗದ ಸುಳ್ಳು," ಎಂದಳು.

"ಇವತ್ತಿಂದು ಸುಳ್ಳಾಯ್ತು. ಗೊತ್ತಾಯ್ತು."

"ಇವತ್ತಿಂದಲ್ಲ. ಎಲ್ಲವೂ ಸುಳ್ಳು. ತಮಾಷೆಗೆ ಮಾಡಿದ್ದು. ಚೀಟಿ ಎತ್ತಿದ ಹಾಗೆ ಯಂತ್ರ ಒಂದು ಸಂಖ್ಯೆ ಎತ್ತುದು, ಅಷ್ಟೇ."

ಅತ್ತೆಯ ಕೈ ನಿಂತಿತು. "ಹಾಗಾದರೆ ಅದು ಆಕಾಶ ನೋಡುದಿಲ್ವಾ?"

"ಅದು ಇರುವ ಕೋಣೆಗೆ ಕಿಟಕಿಯೇ ಇಲ್ಲ ಅತ್ತೆ."

ಹಪ್ಪಳ ಒಂದು ಸುಟ್ಟು ಕರಕಲಾಯಿತು. ಇಬ್ಬರೂ ನೋಡಲಿಲ್ಲ.

"ನಲವತ್ತು ವರ್ಷ ನಾನು ಆಕಾಶ ನೋಡಿ ಹಪ್ಪಳ ಹಾಕಿದವಳು," ಎಂದರು ಅತ್ತೆ. "ಇರುವೆ ನೋಡ್ತಿದ್ದೆ, ಗಾಳಿ ನೋಡ್ತಿದ್ದೆ. ನಿನ್ನ ಕಾಗದ ಬಂದ ಮೇಲೆ ತಲೆ ಎತ್ತುದೇ ಬಿಟ್ಟೆ. ನನ್ನನ್ನು ಮಂಗ ಮಾಡಿದಿಯಲ್ಲ ನೀನು! ಇನ್ನು ಹನ್ನೆರಡು ದಿನದಲ್ಲಿ ಮದುವೆ. ಶ್ರೀಮತಿಗೆ ನಾನು ಯಾವ ಮುಖ ತೋರಿಸುದು?"

ವಾಗ್ದೇವಿಗೆ ಅಳು ಬಂತು. "ನೀವು ರಜೆ ಹಾಕು ಅಂದಿರಲ್ಲ ಅತ್ತೆ, ಆ ಹೆದರಿಕೆಗೆ ಹೇಳ್ಲಿಲ್ಲ. ತಪ್ಪಾಯ್ತು. ನನಗೆ ಅಲ್ಲಿಗೆ ಹೋಗದೆ ಇರ್ಲಿಕ್ಕೆ ಆಗುದಿಲ್ಲ."

"ಇನ್ನು ಹೋಗುದು ಬೇಡ. ಮುಗಿಯಿತು. ನಾಳೆಯೇ ಸಾಹೇಬ್ರಿಗೆ ಹೇಳಿ ಕಳಿಸು. ಒಣಗಿ ಡಬ್ಬಿ ಸೇರಿದ್ದು ನಾಲ್ಕು ನೂರೇ, ಇನ್ನೂ ಆರು ನೂರು ಹಪ್ಪಳ ಬಾಕಿ ಉಂಟು. ಮನೆಯಲ್ಲಿ ಇರುದು ನಮ್ಮಿಬ್ಬರ ನಾಲ್ಕು ಕೈ."

ಅದೇ ಹೊತ್ತಿಗೆ ಜಗಲಿಯಿಂದ ಮಾವನ ಧ್ವನಿ ಕೇಳಿಸಿತು. ಬೇಲಿಯಾಚೆ ನಿಂತ ಕಾವೇರಮ್ಮನಿಗೆ ಅವರು ಸಮಜಾಯಿಷಿ ಕೊಡುತ್ತಿದ್ದರು.

"ಯಂತ್ರದ್ದು ತಪ್ಪಲ್ಲ ಕಾವೇರಮ್ಮ. ಸರಿಯಾಗಿ ಓದ್ಬೇಕು. ಏನು ಬರೆದಿದ್ದಾರೆ? ಬಂಟ್ವಾಳ ವಲಯ. ಮಳೆ ಬಂದದ್ದು ಎಲ್ಲಿ? ಬಂಟ್ವಾಳ ಪೇಟೆಗೆ. ವಲಯ ಬೇರೆ, ಪೇಟೆ ಬೇರೆ."

"ಮತ್ತೆ ಗಾಳಿ ಸಾಧಾರಣ ಅಂತ ಉಂಟು," ಎಂದ ವೆಂಕಟೇಶ್ವರ. "ಗಾಳಿ ಸಾಧಾರಣವೇ ಇತ್ತು. ಅದು ಸರಿಯಾಯ್ತು."

"ಆಯ್ತಲ್ಲ! ದಿನಾ ಸರಿಯೇ. ನಾಳೆಯದ್ದು ಬರ್ಲಿ, ನಾಳೆಯ ಪ್ರಕಾರ ಹೋಗುವ."

ಅಡಿಗೆಮನೆಯಲ್ಲಿ ಅತ್ತೆ ಕೈಯಲ್ಲಿ ಹಪ್ಪಳ ಹಿಡಿದುಕೊಂಡೇ ಅಷ್ಟನ್ನೂ ಕೇಳಿದರು. ಜಗಲಿಯ ಕಡೆ ನೋಡಿದರು. ಸೊಸೆಯ ಕಡೆ ನೋಡಿದರು. ಒಲೆಯ ಬೆಂಕಿ ಸ್ವಲ್ಪ ಹಿಂದಕ್ಕೆ ಎಳೆದರು.

"ಈ ವಿಷಯ ಅವರಿಗೆ ಹೇಳಿದ್ದಿಯಾ?"

"ಇಲ್ಲ. ನಿಮಗೆ ಮಾತ್ರ."

"ಹೇಳ್ಬೇಡ." ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಅದು ಮಳೆ ಮಾತ್ರ ಬರೆಯುದಾ? ಬೇರೆ ಎಂತಾದ್ರೂ ಬರೀತದಾ?"

"ನಾವು ಹೇಳಿದ್ದನ್ನೆಲ್ಲ ಬರೀತದೆ ಅತ್ತೆ."

"ಎಲ್ಲ?"

"ಎಲ್ಲ."

ತ್ರಿಪುರಸುಂದರಿಯಮ್ಮ ಸೊಸೆಯನ್ನು ಹತ್ತಿರ ಕರೆದರು. ಮದುವೆಯಾಗಿ ಎರಡು ವರ್ಷದಲ್ಲಿ ಆ ಅಡಿಗೆಮನೆಯಲ್ಲಿ ಅಷ್ಟು ಹತ್ತಿರ ತಲೆ ಸೇರಿಸಿ ಅವರಿಬ್ಬರೂ ಮಾತಾಡಿರಲಿಲ್ಲ.

ಮರುದಿನ ಸಂಜೆ ಮಾವ ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು ಓದಿದರು. ಕಾವೇರಮ್ಮ ಬೇಲಿಯಲ್ಲಿ ಹಾಜರಿದ್ದರು.

"ಬಂಟ್ವಾಳ ವಲಯ. ನಾಳೆ ಬೆಳಿಗ್ಗೆ ಬಿಸಿಲು. ಮಧ್ಯಾಹ್ನದ ನಂತರ ಆಕಾಶ ನೋಡಿಕೊಳ್ಳತಕ್ಕದ್ದು." ಇಲ್ಲಿ ಅವರು ಸ್ವಲ್ಪ ನಿಂತರು. ಮುಂದಿನ ಸಾಲನ್ನು ಮನಸ್ಸಿನಲ್ಲಿ ಒಮ್ಮೆ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಓದಿದರು. "ವಾತಾವರಣದಲ್ಲಿ ತೇವ ಹೆಚ್ಚಿರುವುದರಿಂದ ಗಂಡಸರು ಒತ್ತಿದ ಹಪ್ಪಳ ಬೇಗ ಒಣಗುವುದು. ಗಂಡಸರ ಕೈಯ ಉಷ್ಣವೇ ಇದಕ್ಕೆ ಕಾರಣ."

ವಾಗ್ದೇವಿ ಕಂಬದ ಹಿಂದೆ ನಿಂತು ತುಟಿ ಕಚ್ಚಿಕೊಂಡಿದ್ದಳು. ಆ 'ಉಷ್ಣ' ಎಂಬ ಮಾತು ನಿತ್ಯಾನಂದ ಸೇರಿಸಿದ್ದು, ಅದು ಹೆಚ್ಚಾಯಿತೆಂದು ಅವಳಿಗೆ ಆಗಲೇ ಅನಿಸಿತ್ತು.

"ಕೈಯ ಉಷ್ಣ," ಎಂದರು ಮಾವ, ತಮ್ಮ ಅಂಗೈಯನ್ನು ತಿರುಗಿಸಿ ನೋಡುತ್ತ. "ಹೌದು. ಇರ್ಬಹುದು. ವೆಂಕಟ, ನಿನ್ನ ಕೈ ನೋಡುವ."

"ಬೆಚ್ಚಗೇ ಉಂಟು ಅಪ್ಪ," ಎಂದ ಮಗ ಸಣ್ಣ ಧ್ವನಿಯಲ್ಲಿ.

"ನಮ್ಮವರಿಗೂ ಹೇಳ್ತೇನೆ," ಎಂದು ಕಾವೇರಮ್ಮ ಬೇಲಿಯಿಂದ ಓಡಿಯೇ ಹೋದರು.

ಹಾಗೆ ಭಟ್ಟರ ಮನೆಯ ಗಂಡಸರು ಮಣೆಯ ಮುಂದೆ ಕೂತರು. ಮೊದಲ ದಿನ ವೆಂಕಟೇಶ್ವರನ ಹಪ್ಪಳ ಭೂಪಟದಲ್ಲಿರುವ ದೇಶಗಳ ಆಕಾರ ತಾಳಿತು. ಮೇಣ ಅಂಟಿದ ಕೈಯಿಂದ ಮಾವ ಮೀಸೆ ಮುಟ್ಟಿಕೊಂಡು, ಅದನ್ನು ಬಿಡಿಸಲು ಅರ್ಧ ಕುಡ್ತೆ ತೆಂಗಿನೆಣ್ಣೆ ಖರ್ಚಾಯಿತು. ಆದರೂ ಸಂಜೆಗೆ ಅರುವತ್ತು ಹಪ್ಪಳ ಚಾಪೆಯ ಮೇಲೆ ಬಿತ್ತು. ಮೂರನೇ ದಿನ ನೂರಿಪ್ಪತ್ತು. ಒಣಗುವಾಗ ಮಾವ ಅರ್ಧ ಗಂಟೆಗೊಮ್ಮೆ ಹೋಗಿ ಬೆರಳಿನಿಂದ ತಟ್ಟಿ, "ನೋಡು, ನಿನ್ನೆಗಿಂತ ಬೇಗ!" ಎನ್ನುವರು. ಅತ್ತೆ ಹೌದೆನ್ನುವರು. ನಡುನಡುವೆ ಸೊಂಟಕ್ಕೆ ಕೈಯೂರಿ ಅಂಗಳದಲ್ಲಿ ನಿಂತು, ಬಹಳ ದಿನದ ಮೇಲೆ ತಲೆಯೆತ್ತಿ ಚಾರ್ಮಾಡಿ ಬದಿಯ ಆಕಾಶವನ್ನು ಅವರೇ ನೋಡುವರು.

ಐದನೇ ದಿನ ಬೆಳಿಗ್ಗೆ ವಾಗ್ದೇವಿ ಹೊರಡಲು ತಡವಾಯಿತು. ಉಂಡೆ ಕಟ್ಟುತ್ತ ಕೂತಿದ್ದವಳನ್ನು ಅತ್ತೆಯೇ ಎಬ್ಬಿಸಿದರು.

"ಏಳು, ಏಳು. ಎಂಟೂಕಾಲರದ್ದು ತಪ್ಪಿದರೆ ಮತ್ತೆ ಒಂಬತ್ತಕ್ಕೇ. ಇಲ್ಲಿ ಕೈ ಬೇಕಾದಷ್ಟು ಉಂಟು."

ಊಟದ ಡಬ್ಬಿ ಹಿಡಿದುಕೊಂಡು ಅವರು ಬೇಲಿಬಾಗಿಲ ದಣಪೆಯವರೆಗೆ ಬಂದರು. ಹಾಗೆ ಬಂದದ್ದು ಅದೇ ಮೊದಲು. ಒಳಗೆ ಮಣೆಯ ಸದ್ದು, ಅದರ ಹಿಂದೆಯೇ ಮಾವ ಮಗನಿಗೆ ಪಾಠ ಹೇಳುವ ಸದ್ದು. ಅತ್ತೆ ಒಮ್ಮೆ ತಿರುಗಿ ನೋಡಿ, ಡಬ್ಬಿಯನ್ನು ಸೊಸೆಯ ಕೈಗಿಟ್ಟು ಧ್ವನಿ ತಗ್ಗಿಸಿದರು.

"ಇವತ್ತಿನ ಕಾಗದದಲ್ಲಿ ಇನ್ನೊಂದು ಸಾಲು ಹಾಕಿಸ್ತಿಯಾ? ನಿನ್ನ ಮಾವ ಒತ್ತುದು ಸ್ವಲ್ಪ ದಪ್ಪ ಆಗ್ತದೆ. ತೆಳ್ಳಗೆ ಒತ್ತಬೇಕು ಅಂತ ಯಂತ್ರವೇ ಹೇಳ್ಲಿ. ನಲವತ್ತು ವರ್ಷ ಆಯ್ತು, ನಾನು ಹೇಳಿದ್ದು ಒಂದೂ ಅವರಿಗೆ ಕೇಳಿಸ್ಲಿಲ್ಲ."